ತೊಗರಿಯ ನೆಟೆ ರೋಗದ ಬೇರು ಹುಡುಕಿದ ಡಾಕ್ಟರ್: ಎಡ್ವಿನ್ ಬಟ್ಲರ್ ಯಾರು?

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಓದುಗರಿಗೆ ಈ ದೃಶ್ಯ ಹೊಸದಲ್ಲ. ತೊಗರಿ ಆಳೆತ್ತರ ಬೆಳೆದಿದೆ, ಹೂವು ಬಿಟ್ಟಿದೆ, ಅಲ್ಲಲ್ಲಿ ಕಾಯಿಯೂ ಕಟ್ಟಿದೆ. ಇನ್ನೇನು ಬೆಳೆ ಕೈಗೆ ಬಂತು ಅನ್ನುವಾಗ ಹೊಲದ ಒಂದು ಮೂಲೆಯಲ್ಲಿ ನಾಲ್ಕು ಗಿಡ ಬಾಡುತ್ತವೆ. ವಾರ ಕಳೆಯುವಷ್ಟರಲ್ಲಿ ನಾಲ್ಕು ನಲವತ್ತಾಗಿರುತ್ತದೆ. ಮಣ್ಣು ಕೆದಕಿ ನೋಡಿದರೆ ತೇವ ಇದೆ. ಎಲೆಯಲ್ಲಿ ಹುಳ ಇಲ್ಲ. ಗಿಡ ಮಾತ್ರ ನಿಂತಲ್ಲೇ ಒಣಗಿದೆ. ಇದೇ ನೆಟೆ ರೋಗ. ಬೇರೆ ಕಡೆ ಸೊರಗು ರೋಗ ಅನ್ನುತ್ತಾರೆ. 2022ರ ಹಂಗಾಮಿನಲ್ಲಿ ನಮ್ಮ ತೊಗರಿ ಕಣಜದಲ್ಲಿ ಇದು ಎಷ್ಟು ಹಬ್ಬಿತೆಂದರೆ ರಾಜ್ಯ ಸರ್ಕಾರ ರೈತರಿಗೆ ಪರಿಹಾರ ಘೋಷಿಸಬೇಕಾಯಿತು.

ಇಂಥ ಹೊತ್ತಿನಲ್ಲಿ ಫಾರ್ವರ್ಡ್‌ಗಳು ಮಳೆಯಂತೆ ಸುರಿಯುತ್ತವೆ. ನೀರು ಕಡಿಮೆಯಾಗಿದೆ, ತಕ್ಷಣ ನೀರು ಬಿಡಿ ಎಂದು ಒಂದು. ಬೀಜವೇ ನಕಲಿ ಎಂದು ಇನ್ನೊಂದು. ಈ ದ್ರಾವಣ ಎಲೆಗೆ ಸಿಂಪಡಿಸಿದರೆ ಮೂರೇ ದಿನದಲ್ಲಿ ಗಿಡ ಚಿಗುರುತ್ತದೆ ಎಂದು ಮತ್ತೊಂದು. ಇವುಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ಒಂದೊಂದಾಗಿ ಹೇಳುವ ಬದಲು ಈ ಸಲ ನಾವು ಒಬ್ಬ ಮನುಷ್ಯನ ಕಥೆ ಹೇಳುತ್ತೇವೆ. ಈ ರೋಗ ಎಲ್ಲಿಂದ ಬರುತ್ತದೆ ಎಂದು ಮೊದಲು ಪತ್ತೆ ಮಾಡಿದವರು ಅವರು. ಅವರ ಹೆಸರು ಇವತ್ತಿಗೂ ಆ ಶಿಲೀಂಧ್ರದ ಹೆಸರಿನ ಬಾಲಕ್ಕೆ ಅಂಟಿಕೊಂಡಿದೆ: ಫ್ಯುಸೇರಿಯಂ ಉಡಮ್ ಬಟ್ಲರ್.

ಎಡ್ವಿನ್ ಜಾನ್ ಬಟ್ಲರ್ ಹುಟ್ಟಿದ್ದು 1874ರ ಆಗಸ್ಟ್ 13ರಂದು, ಐರ್ಲೆಂಡಿನ ಕ್ಲೇರ್ ಜಿಲ್ಲೆಯ ಕಿಲ್ಕೀ ಎಂಬ ಸಮುದ್ರ ತೀರದ ಊರಿನಲ್ಲಿ. ತಂದೆ ಮ್ಯಾಜಿಸ್ಟ್ರೇಟ್. ಅದಕ್ಕೆ 29 ವರ್ಷ ಹಿಂದೆ, 1845ರಲ್ಲಿ, ಅದೇ ನಾಡಿನ ಆಲೂಗಡ್ಡೆ ಹೊಲಗಳು ರೋಗ ಬಿದ್ದು ಕಪ್ಪಾಗಿ ಕೊಳೆತಿದ್ದವು. ಮುಂದಿನ ಕೆಲವೇ ವರ್ಷಗಳಲ್ಲಿ ಹಸಿವು ಮತ್ತು ಜ್ವರದಿಂದ ಹತ್ತು ಲಕ್ಷದಷ್ಟು ಜನ ಸತ್ತರು, ಇನ್ನೂ ಹತ್ತು ಲಕ್ಷದಷ್ಟು ಜನ ಹಡಗು ಹತ್ತಿ ಊರು ಬಿಟ್ಟರು. ಕ್ಲೇರ್ ಆ ಬರದಲ್ಲಿ ಬಹಳ ನಲುಗಿದ ಜಿಲ್ಲೆಗಳಲ್ಲಿ ಒಂದು. ಕಣ್ಣಿಗೆ ಕಾಣದ ಜೀವಿಯೊಂದು ಗಿಡಕ್ಕೆ ಬಿದ್ದರೆ ಊರೇ ಖಾಲಿಯಾಗುತ್ತದೆ ಎಂಬುದು ಅಲ್ಲಿ ಪುಸ್ತಕದ ಪಾಠವಾಗಿರಲಿಲ್ಲ, ಮನೆಮನೆಯ ನೆನಪಾಗಿತ್ತು.

ಹುಡುಗನ ಆರೋಗ್ಯ ಅಷ್ಟಕ್ಕಷ್ಟೇ. ಇಂಗ್ಲೆಂಡಿನ ಶಾಲೆಗೆ ಹೋದವನು ಕಾಯಿಲೆಯಿಂದ ಮನೆಗೆ ಮರಳಿದ. ಆಮೇಲೆ ಕಾರ್ಕ್ ಊರಿನ ಕ್ವೀನ್ಸ್ ಕಾಲೇಜಿಗೆ ಸೇರಿ 1898ರಲ್ಲಿ ವೈದ್ಯಕೀಯ ಪದವಿ ಪಡೆದ. ಹೌದು, ಓದಿದ್ದು ಮನುಷ್ಯರ ಡಾಕ್ಟರಿಕೆ. ಆದರೆ ಅದೇ ಕಾಲೇಜಿನಲ್ಲಿ ಮಾರ್ಕಸ್ ಹಾರ್ಟೋಗ್ ಎಂಬ ಪ್ರಾಧ್ಯಾಪಕರಿದ್ದರು. ನೀರಿನಲ್ಲಿ ಬೆಳೆಯುವ ಒಂದು ಬಗೆಯ ಬೂಸ್ಟಿನ ಮೇಲೆ ಅವರ ಸಂಶೋಧನೆ. ಬಟ್ಲರ್‌ಗೆ ಅದರ ಗೀಳು ಹತ್ತಿತು. ಪದವಿ ಕೈಗೆ ಬಂದ ಮೇಲೆ ಸ್ಟೆತಸ್ಕೋಪ್ ಹಿಡಿಯುವ ಬದಲು ಪ್ಯಾರಿಸ್, ಜರ್ಮನಿಯ ಫ್ರೈಬುರ್ಗ್, ಲಂಡನ್ನಿನ ಕ್ಯೂ ಉದ್ಯಾನ ಎಂದು ಸುತ್ತಿ ಶಿಲೀಂಧ್ರಗಳ ಅಧ್ಯಯನಕ್ಕೆ ಇಳಿದರು.

1900ರಲ್ಲಿ ಕ್ಯೂ ಉದ್ಯಾನದವರ ಶಿಫಾರಸಿನ ಮೇಲೆ ಭಾರತ ಸರ್ಕಾರ ಅವರನ್ನು ನೇಮಿಸಿಕೊಂಡಿತು. ಹುದ್ದೆಯ ಹೆಸರು ಕ್ರಿಪ್ಟೊಗ್ಯಾಮಿಕ್ ಬಾಟನಿಸ್ಟ್. ಅಂದರೆ ಹೂವು ಬಿಡದ ಸಸ್ಯಗಳ ತಜ್ಞ. ಆಗ ಶಿಲೀಂಧ್ರಗಳನ್ನೂ ಸಸ್ಯಗಳ ಗುಂಪಿಗೇ ಸೇರಿಸುತ್ತಿದ್ದರು. ಇಡೀ ದೇಶಕ್ಕೆ ಅಂಥ ಹುದ್ದೆ ಅದೇ ಮೊದಲು. ಮೊದಲು ಕಲ್ಕತ್ತಾ, 1902ರಲ್ಲಿ ಡೆಹ್ರಾಡೂನ್, 1905ರಲ್ಲಿ ಬಿಹಾರದ ಪೂಸಾ. ಅಲ್ಲಿ ಹೊಸದಾಗಿ ಶುರುವಾದ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಅವರು ಇಂಪೀರಿಯಲ್ ಮೈಕಾಲಜಿಸ್ಟ್ ಆದರು.

ಪೂಸಾ ಎಂದ ತಕ್ಷಣ ಒಂದು ಫಾರ್ವರ್ಡ್ ನೆನಪಾಗುತ್ತದೆ. ಅಮೆರಿಕದ ದಾನಿ ಹೆನ್ರಿ ಫಿಪ್ಸ್ ಹಣ ಕೊಟ್ಟಿದ್ದರಿಂದ ಫಿಪ್ಸ್‌ನ ಪಿ, ಜೊತೆಗೆ ಯುಎಸ್ಎ ಸೇರಿ ಪೂಸಾ ಆಯಿತು ಎಂಬುದು ಅದರ ಸಾರ. ಸ್ಪರ್ಧಾತ್ಮಕ ಪರೀಕ್ಷೆಯ ಗುಂಪುಗಳಲ್ಲಿ ಇದು ಓಡಾಡುತ್ತಲೇ ಇರುತ್ತದೆ. ಫಿಪ್ಸ್ ಹಣ ಕೊಟ್ಟಿದ್ದು ನಿಜ. ಹೆಸರಿನ ಕಥೆ ಸುಳ್ಳು. ಫಿಪ್ಸ್ ಹುಟ್ಟುವ ಮೊದಲೇ, 1808ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಕುದುರೆ ತಳಿ ಸಾಕಣೆ ಕೇಂದ್ರ ನೋಡಿಕೊಳ್ಳಲು ವಿಲಿಯಂ ಮೂರ್‌ಕ್ರಾಫ್ಟ್ ಬಂದದ್ದು ಇದೇ ಪೂಸಾಗೆ. ಊರಿನ ಹೆಸರು ಮೊದಲಿನಿಂದಲೂ ಅದೇ. 1934ರ ಬಿಹಾರ ಭೂಕಂಪದಲ್ಲಿ ಕಟ್ಟಡ ಹಾಳಾಗಿ ಸಂಸ್ಥೆ 1936ರಲ್ಲಿ ದೆಹಲಿಗೆ ಹೋಯಿತು, ಹೆಸರೂ ಜೊತೆಗೇ ಹೋಯಿತು. ದೆಹಲಿಯಲ್ಲೂ ಪೂಸಾ ಇರುವುದು ಅದಕ್ಕೇ.

ಮತ್ತೆ ಬಟ್ಲರ್ ಕಡೆ ಬರೋಣ. ಬಿಹಾರದ ತೊಗರಿ ಹೊಲಗಳಲ್ಲಿ ಗಿಡಗಳು ಒಣಗುತ್ತಿದ್ದವು. ಅವರು ಸತ್ತ ಗಿಡ ಕಿತ್ತು, ಕಾಂಡ ಸೀಳಿ ನೋಡಿದರು. ನೀವೂ ನೋಡಬಹುದು, ಇದಕ್ಕೆ ಲ್ಯಾಬ್ ಬೇಡ. ನೆಟೆ ರೋಗದ ಗಿಡದಲ್ಲಿ ಬುಡದಿಂದ ಮೇಲಕ್ಕೆ ಕಾಂಡದ ಒಂದು ಬದಿಯಲ್ಲಿ ನೇರಳೆ ಬಣ್ಣದ ಪಟ್ಟಿ ಕಾಣುತ್ತದೆ. ತೊಗಟೆ ಸುಲಿದು ಸೀಳಿದರೆ ಒಳಗೆ ಕಂದು ಅಥವಾ ಕಪ್ಪು ಗೆರೆಗಳು. ಬೇರಿನಿಂದ ಎಲೆಗೆ ನೀರು ಸಾಗಿಸುವ ಕೊಳವೆಗಳು ಅವೇ. ಮಣ್ಣಿನಲ್ಲಿದ್ದ ಶಿಲೀಂಧ್ರ ಸಣ್ಣ ಬೇರುಗಳ ಮೂಲಕ ಒಳಹೊಕ್ಕು ಈ ಕೊಳವೆಗಳಲ್ಲಿ ಬೆಳೆದು ಅವನ್ನು ಕಟ್ಟಿಸಿಬಿಡುತ್ತದೆ. ಬಾವಿ ತುಂಬ ನೀರಿದ್ದೂ ಪೈಪಿನಲ್ಲಿ ಕಸ ಸಿಕ್ಕಿಕೊಂಡರೆ ನಲ್ಲಿಯಲ್ಲಿ ನೀರು ಬರುತ್ತದೆಯೇ? ಗಿಡದ ಪಾಡೂ ಅಷ್ಟೇ. ಆದ್ದರಿಂದ ನೆಟೆ ಬಿದ್ದ ಗಿಡಕ್ಕೆ ನೀರು ಬಿಟ್ಟರೆ ಅದು ಎದ್ದು ನಿಲ್ಲುವುದಿಲ್ಲ. ಎಲೆಯ ಮೇಲೆ ಸಿಂಪಡಿಸಿದ್ದೂ ಬೇರಿನೊಳಗಿನ ಕೊಳವೆ ತಲುಪಿ ಕಟ್ಟಿದ್ದನ್ನು ಬಿಡಿಸುವುದಿಲ್ಲ.

ಇಲ್ಲಿಯವರೆಗೆ ಸುಲಭ. ಕಷ್ಟ ಇದ್ದದ್ದು ಮುಂದೆ. ಸತ್ತ ಬೇರಿನಲ್ಲಿ ಒಂದೇ ಶಿಲೀಂಧ್ರ ಇರುವುದಿಲ್ಲ. ಗಿಡ ಸತ್ತ ಮೇಲೆ ಅದನ್ನು ತಿನ್ನಲು ಬಂದವೂ ಅಲ್ಲೇ ಇರುತ್ತವೆ. ಕೊಂದವರು ಯಾರು, ತಿಥಿ ಊಟಕ್ಕೆ ಬಂದವರು ಯಾರು?

ಆ ಕಾಲದಲ್ಲಿ ಈ ವಿಷಯದ ದೊಡ್ಡ ಹೆಸರು ಅಮೆರಿಕದ ಎರ್ವಿನ್ ಸ್ಮಿತ್. 1899ರಲ್ಲಿ ಅವರು ಹತ್ತಿ, ಕಲ್ಲಂಗಡಿ, ಅಲಸಂದೆ ಬೆಳೆಗಳ ಸೊರಗು ರೋಗಕ್ಕೆ ನಿಯೊಕಾಸ್ಮೊಸ್ಪೊರ ಎಂಬ ಶಿಲೀಂಧ್ರವೇ ಕಾರಣ, ಕೊಳವೆಯೊಳಗಿನ ಫ್ಯುಸೇರಿಯಂ ಅದರದೇ ಇನ್ನೊಂದು ರೂಪ ಎಂದಿದ್ದರು. ಸತ್ತ ಬೇರಿನ ಮೇಲೆ ಕೆಂಪು ಕೆಂಪಾದ ಸಣ್ಣ ಚುಕ್ಕಿಗಳಾಗಿ ಅದು ಕಾಣುತ್ತದೆ. ಪೂಸಾದ ತೊಗರಿ ಬೇರಿನಲ್ಲೂ ಅದು ಇತ್ತು. ಸ್ಮಿತ್ ಹೇಳಿದ್ದನ್ನು ಒಪ್ಪಿಕೊಂಡು ಬಟ್ಲರ್ ಮುಂದಿನ ಕೆಲಸಕ್ಕೆ ಹೋಗಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಅವರು ಹಾಗೆ ಮಾಡಲಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ಶುದ್ಧವಾಗಿ ಬೆಳೆಸಿದರು. ಆರೋಗ್ಯವಾಗಿದ್ದ ತೊಗರಿ ಸಸಿಗಳಿಗೆ ಬೇರೆ ಬೇರೆಯಾಗಿ ತಾಗಿಸಿದರು. ಫ್ಯುಸೇರಿಯಂ ತಾಗಿಸಿದ ಸಸಿಗಳು ಬಾಡಿದವು. ನಿಯೊಕಾಸ್ಮೊಸ್ಪೊರ ತಾಗಿಸಿದವು ಬೆಳೆದು ನಿಂತವು. ಅದು ಬರೀ ತಿಥಿ ಊಟದ ನೆಂಟ. 1910ರಲ್ಲಿ ಕೃಷಿ ಇಲಾಖೆಯ ಪ್ರಕಟಣಾ ಮಾಲೆಯಲ್ಲಿ ಅರವತ್ತಕ್ಕೂ ಹೆಚ್ಚು ಪುಟಗಳ ವರದಿ ಬಂತು, ಫ್ಯುಸೇರಿಯಂ ಉಡಮ್ ಎಂಬ ಹೆಸರೂ ಅದರಲ್ಲೇ ಬಂತು. ಮನುಷ್ಯರ ಕಾಯಿಲೆಗೆ ಯಾವ ರೋಗಾಣು ಕಾರಣ ಎಂದು ಸಾಬೀತು ಮಾಡಲು ಡಾಕ್ಟರುಗಳು ಬಳಸುವ ವಿಧಾನ ಇದೇ: ರೋಗಿಯಿಂದ ಅದನ್ನು ಬೇರ್ಪಡಿಸು, ಶುದ್ಧವಾಗಿ ಬೆಳೆಸು, ಆರೋಗ್ಯವಂತ ಜೀವಿಗೆ ತಾಗಿಸು, ಅದೇ ಕಾಯಿಲೆ ಬಂತೇ ನೋಡು. ಕಾರ್ಕ್‌ನ ವೈದ್ಯಕೀಯ ಓದು ವ್ಯರ್ಥವಾಗಲಿಲ್ಲ ಎಂದು ನಮಗೆ ಅನಿಸುವುದು ಇಲ್ಲಿ.

ಕಾರಣ ಗೊತ್ತಾಯಿತು. ಔಷಧ? ಇರಲಿಲ್ಲ. ಹೊಲದ ಅಷ್ಟೂ ಮಣ್ಣಿಗೆ ಔಷಧ ಹಾಕಲು ಆಗುವುದಿಲ್ಲ. ಕೊಯ್ದ ಮೇಲೆ ಮಣ್ಣಿನಲ್ಲಿ ಉಳಿಯುವ ತೊಗರಿ ಕೂಳೆಯಲ್ಲಿ ಈ ಶಿಲೀಂಧ್ರ ಸುಮಾರು ಮೂರು ವರ್ಷ ಬದುಕಿರುತ್ತದೆ. ಬಡ ರೈತನಿಗೆ ಹೊಲ ಮೂರು ವರ್ಷ ತೊಗರಿ ಬಿಟ್ಟು ಬೇರೆ ಬೆಳೆಸು ಎನ್ನುವುದು ಸುಲಭದ ಮಾತಲ್ಲ.

ಆದರೆ ಹೊಲದಲ್ಲೇ ಒಂದು ಸುಳಿವು ಇತ್ತು. ಸುತ್ತಲಿನ ಗಿಡಗಳೆಲ್ಲ ಸತ್ತು ಬಿದ್ದಿರುವ ಜಾಗದಲ್ಲಿ ಒಂದೆರಡು ಗಿಡ ಹಸಿರಾಗಿ ನಿಂತಿರುತ್ತವೆ. ಅದೇ ಮಣ್ಣು, ಅದೇ ಶಿಲೀಂಧ್ರ. ಹಾಗಾದರೆ ವ್ಯತ್ಯಾಸ ಗಿಡದೊಳಗೇ ಇರಬೇಕು. ಅಮೆರಿಕದಲ್ಲಿ ವಿಲಿಯಂ ಆರ್ಟನ್ ಎಂಬುವರು ಇದೇ ದಾರಿ ಹಿಡಿದು ಹತ್ತಿಯಲ್ಲಿ ಸೊರಗು ತಡೆಯುವ ಗಿಡಗಳನ್ನು ಆರಿಸಿದ್ದರು. ಅಲಸಂದೆಯಲ್ಲಿ ಸೌತ್ ಕೆರೊಲಿನಾದ ರೈತನೊಬ್ಬನ ಹೊಲದಲ್ಲಿ ಸಿಕ್ಕ ಐರನ್ ಎಂಬ ತಳಿ ರೋಗದ ನೆಲದಲ್ಲೂ ಬದುಕುತ್ತಿತ್ತು. ಬಟ್ಲರ್ 1908ರಲ್ಲಿ ಅಗ್ರಿಕಲ್ಚರಲ್ ಜರ್ನಲ್ ಆಫ್ ಇಂಡಿಯಾದಲ್ಲಿ ಎರಡೇ ಪುಟದ ಒಂದು ಟಿಪ್ಪಣಿ ಬರೆದರು. ವಿಷಯ ಇಷ್ಟೇ: ನೆಟೆ ರೋಗ ತಡೆಯುವ ತೊಗರಿಯನ್ನು ಆರಿಸಿ ತೆಗೆಯುವುದು. 1910ರ ದೊಡ್ಡ ವರದಿಗೆ ಸಿಕ್ಕ ಹೆಸರು ಈ ಎರಡು ಪುಟಕ್ಕೆ ಸಿಗಲಿಲ್ಲ. ರೈತನ ಕಡೆಯಿಂದ ನೋಡಿದರೆ ಇದೇ ಹೆಚ್ಚು ಬೆಲೆಯದ್ದು ಎಂಬುದು ನಮ್ಮ ಅಭಿಪ್ರಾಯ.

ಬಟ್ಲರ್ ತೊಗರಿಗೇ ಅಂಟಿಕೊಂಡು ಕೂರಲಿಲ್ಲ, ಕೂರಲು ಬಿಡುತ್ತಲೂ ಇರಲಿಲ್ಲ. ಗೋಧಿಯ ತುಕ್ಕು ರೋಗ, ಕಬ್ಬಿನ ಕೆಂಪು ಕೊಳೆ, ಗೋದಾವರಿ ಮುಖಜ ಭೂಮಿಯ ತಾಳೆ ಮರಗಳ ಸುಳಿ ಕೊಳೆ ಎಲ್ಲಕ್ಕೂ ಅವರನ್ನೇ ಕರೆಯುತ್ತಿದ್ದರು. ಗೋದಾವರಿಯಲ್ಲಿ ರೋಗ ಬಿದ್ದ ಮರಗಳ ಸುಳಿ ಕಡಿದು ಸುಡುವ ಕೆಲಸಕ್ಕೆ ಮರ ಹತ್ತುವವರ ತಂಡಗಳೇ ಬೇಕಾದವು. ಪೂರ್ವ ಬಂಗಾಳದಲ್ಲಿ ಭತ್ತಕ್ಕೆ ಬರುತ್ತಿದ್ದ ಉಫ್ರಾ ಎಂಬ ರೋಗಕ್ಕೆ ಶಿಲೀಂಧ್ರ ಕಾರಣವೇ ಅಲ್ಲ, ಕಣ್ಣಿಗೆ ಕಾಣದ ಜಂತುಹುಳ ಕಾರಣ ಎಂದು 1913ರಲ್ಲಿ ತೋರಿಸಿದರು. ಶಿಲೀಂಧ್ರ ತಜ್ಞನೊಬ್ಬ ಇದು ನನ್ನ ಶಿಲೀಂಧ್ರದ ಕೆಲಸವಲ್ಲ ಎಂದು ಒಪ್ಪಿಕೊಳ್ಳುವುದೂ ಒಂದು ದೊಡ್ಡತನವೇ.

ಎಲ್ಲವೂ ಮೊದಲ ಸಲಕ್ಕೇ ಸರಿಯಾಗಲಿಲ್ಲ. 1906ರ ಲೇಖನದಲ್ಲಿ ಅವರು ತೊಗರಿಯ ಸೊರಗು ಮತ್ತು ಕಾಳುಮೆಣಸಿನ ಸೊರಗು ಎರಡನ್ನೂ ಒಟ್ಟಿಗೆ ಚರ್ಚಿಸಿದ್ದರು. ನಮ್ಮ ಮಲೆನಾಡಿನ ಬೆಳೆಗಾರರು ಹೆದರುವ ಮೆಣಸಿನ ಶೀಘ್ರ ಸೊರಗು ರೋಗಕ್ಕೆ ಫೈಟಾಫ್ತೊರ ಎಂಬ ಬೇರೆಯದೇ ಜೀವಿ ಕಾರಣ ಎಂದು ಆಮೇಲೆ ತಿಳಿಯಿತು. ಹೊರಗಿನಿಂದ ನೋಡಿದರೆ ಎರಡೂ ಬಾಡುವುದೇ. ಒಂದರ ಮದ್ದು ಇನ್ನೊಂದಕ್ಕೆ ನಡೆಯುವುದಿಲ್ಲ. ತೊಗರಿಯಲ್ಲೇ ಫೈಟಾಫ್ತೊರ ಕಾಂಡ ಕೊಳೆ, ಒಣ ಬೇರು ಕೊಳೆ ಎಂದು ಬೇರೆ ರೋಗಗಳಿವೆ. ಫೋಟೊ ನೋಡಿ ರೋಗ ಹೇಳುವ ಗುಂಪುಗಳಲ್ಲಿ ಇವೆಲ್ಲಕ್ಕೂ ನೆಟೆ ಎಂಬ ಒಂದೇ ಹೆಸರು ಸಿಗುವುದು ಅದಕ್ಕೇ. ಕಾಂಡ ಸೀಳದೆ ಹೇಳುವುದು ಕಷ್ಟ.

ಬಟ್ಲರ್ ಒಬ್ಬರೇ ಇದೆಲ್ಲ ಮಾಡಿದರು ಎಂದುಕೊಳ್ಳಬೇಡಿ. ಪೂಸಾದಲ್ಲಿ ಅವರ ಕೈಕೆಳಗೆ ಭಾರತೀಯ ಸಹಾಯಕರಿದ್ದರು. ಜೆ. ಎಫ್. ದಸ್ತೂರ್ ಅವರಲ್ಲಿ ಒಬ್ಬರು. ಹರಳು ಗಿಡದ ರೋಗಕ್ಕೆ ಕಾರಣವಾದ ಜೀವಿಯನ್ನು 1913ರಲ್ಲಿ ವಿವರಿಸಿ ಜಗತ್ತಿಗೆ ಪರಿಚಯಿಸಿದವರು ಅವರು. ಬ್ರಿಟಿಷ್ ಸರ್ಕಾರದ ಹುದ್ದೆಗಳಲ್ಲಿ ಮೇಲಿನ ಕುರ್ಚಿ ಯಾರಿಗೆ, ಕೆಳಗಿನ ಸ್ಟೂಲ್ ಯಾರಿಗೆ ಎಂಬುದು ನಿಮಗೆ ಗೊತ್ತೇ ಇದೆ. ಬಟ್ಲರ್ ಅವರನ್ನು ಭಾರತದ ಸಸ್ಯರೋಗ ಶಾಸ್ತ್ರದ ಪಿತಾಮಹ ಎನ್ನುವ ಪಠ್ಯಪುಸ್ತಕಗಳಲ್ಲಿ ದಸ್ತೂರ್ ಹೆಸರಿಗೆ ಒಂದು ಸಾಲು ಸಿಕ್ಕರೆ ಹೆಚ್ಚು.

1918ರಲ್ಲಿ ಬಟ್ಲರ್ ಭಾರತದ ಬೆಳೆಗಳ ಶಿಲೀಂಧ್ರ ರೋಗಗಳ ಬಗ್ಗೆ ದಪ್ಪ ಪುಸ್ತಕವೊಂದನ್ನು ತಂದರು. ದಶಕಗಳ ಕಾಲ ನಮ್ಮ ಕೃಷಿ ಕಾಲೇಜುಗಳಲ್ಲಿ ಅದೇ ಆಧಾರ. ಸ್ವಲ್ಪ ಕಾಲ ಪೂಸಾ ಸಂಸ್ಥೆಯ ನಿರ್ದೇಶಕರಾಗಿದ್ದು, 1920ರಲ್ಲಿ ಇಂಗ್ಲೆಂಡಿಗೆ ಮರಳಿ ಕ್ಯೂನಲ್ಲಿ ಹೊಸದಾಗಿ ತೆರೆದ ಇಂಪೀರಿಯಲ್ ಬ್ಯೂರೊ ಆಫ್ ಮೈಕಾಲಜಿಯ ಮೊದಲ ನಿರ್ದೇಶಕರಾದರು. ಜಗತ್ತಿನ ಯಾವ ಮೂಲೆಯಲ್ಲಿ ಯಾವ ಬೆಳೆಗೆ ಏನು ರೋಗ ಬಂದಿದೆ ಎಂಬ ಸುದ್ದಿಯೆಲ್ಲ ಸಂಗ್ರಹಿಸಿ ಹಂಚುವ ಪತ್ರಿಕೆಯೊಂದನ್ನು 1922ರಿಂದ ನಡೆಸಿದರು. 1926ರಲ್ಲಿ ರಾಯಲ್ ಸೊಸೈಟಿಯ ಫೆಲೊ, 1939ರಲ್ಲಿ ಸರ್ ಪದವಿ. 1941ರಲ್ಲಿ ನಿವೃತ್ತಿ. 1943ರ ಏಪ್ರಿಲ್ 4ರಂದು ಇನ್‌ಫ್ಲುಯೆಂಜಾದಿಂದ ತೀರಿಕೊಂಡರು, ವಯಸ್ಸು 68.

ಅವರು ಪೂಸಾ ಬಿಟ್ಟ ಮೇಲೂ ತೊಗರಿಯ ಕೆಲಸ ನಿಲ್ಲಲಿಲ್ಲ. ಅವರ ಹುದ್ದೆಗೆ ಬಂದ ಮ್ಯಾಕ್ರೇ, ಜೊತೆಗೆ ಶಾ, ರೋಗದ ಮಣ್ಣಿನಲ್ಲಿ ಬಗೆಬಗೆಯ ತೊಗರಿ ಬಿತ್ತಿ ಬದುಕಿದ್ದನ್ನು ಆರಿಸಿ, 1933ರಲ್ಲಿ ನೆಟೆ ತಡೆಯುವ ಕೆಲವು ತಳಿಗಳ ವಿವರ ಪ್ರಕಟಿಸಿದರು. ಆಮೇಲೆ 1972ರಲ್ಲಿ ಹೈದರಾಬಾದ್ ಬಳಿಯ ಪಟಾಂಚೆರುವಿನಲ್ಲಿ ಇಕ್ರಿಸ್ಯಾಟ್ ಶುರುವಾದ ಮೇಲೆ ವೈ. ಎಲ್. ನೆನೆ ಮತ್ತು ಸಂಗಡಿಗರು ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿದರು.

ಇದು ನಡೆಯುವ ರೀತಿ ಸ್ವಲ್ಪ ವಿಚಿತ್ರ. ಎಲ್ಲರೂ ಹೊಲದಿಂದ ರೋಗ ಓಡಿಸಲು ನೋಡಿದರೆ ಇಲ್ಲಿ ರೋಗವನ್ನೇ ಸಾಕುತ್ತಾರೆ. ನೆಟೆಯಿಂದ ಸತ್ತ ಗಿಡಗಳನ್ನು ಕತ್ತರಿಸಿ ಮತ್ತೆ ಅದೇ ಮಣ್ಣಿಗೆ ಸೇರಿಸುತ್ತಾರೆ, ಬೇಗ ರೋಗಕ್ಕೆ ಬೀಳುವ ತಳಿಯನ್ನೇ ವರ್ಷ ವರ್ಷ ಬೆಳೆಸಿ ಶಿಲೀಂಧ್ರ ಹೆಚ್ಚಿಸುತ್ತಾರೆ. ಇಂಗ್ಲಿಷಿನಲ್ಲಿ ಸಿಕ್ ಪ್ಲಾಟ್, ನಾವು ರೋಗದ ಹೊಲ ಎನ್ನೋಣ. ಅಲ್ಲಿ ನೂರಾರು ತಳಿಗಳನ್ನು ಸಾಲು ಸಾಲಾಗಿ ಬಿತ್ತುತ್ತಾರೆ. ನಡುನಡುವೆ ಸಾಯಲೇಬೇಕಾದ ತಳಿಯ ಸಾಲು ಇರುತ್ತದೆ. ಅದು ಸಾಯದಿದ್ದರೆ ಆ ವರ್ಷದ ಪರೀಕ್ಷೆಯನ್ನೇ ನಂಬುವಂತಿಲ್ಲ. ಯಾಕೆಂದರೆ ಪಕ್ಕದ ತಳಿ ಬದುಕಿದ್ದು ಅದರ ಶಕ್ತಿಯಿಂದಲೋ, ಆ ಜಾಗದಲ್ಲಿ ರೋಗವೇ ಇರಲಿಲ್ಲವೋ ಗೊತ್ತಾಗುವುದಿಲ್ಲ. ಇಂಥ ದ್ರಾವಣ ಹಾಕಿದೆ, ನನ್ನ ತೊಗರಿಗೆ ನೆಟೆ ಬರಲಿಲ್ಲ ಎಂಬ ವಿಡಿಯೊ ಬಂದಾಗ ನಾವು ಹುಡುಕುವುದೂ ಇದೇ ಸಾಲನ್ನು. ದ್ರಾವಣ ಹಾಕದ ಸಾಲು ಎಲ್ಲಿದೆ? ಅದು ಸತ್ತಿದೆಯೇ?

ಕೊನೆಗೆ ಪ್ರತಿ ತಳಿಯಲ್ಲಿ ಎಷ್ಟು ಗಿಡ ಬಾಡಿದವು ಎಂದು ಎಣಿಸುತ್ತಾರೆ. ಸಾಮಾನ್ಯವಾಗಿ ನೂರಕ್ಕೆ 10ಕ್ಕಿಂತ ಕಡಿಮೆ ಸತ್ತರೆ ಅದು ನಿರೋಧಕ ತಳಿ. ಅಂದರೆ ನಿರೋಧಕ ಎಂದು ಚೀಲದ ಮೇಲೆ ಬರೆದ ಬೀಜದಲ್ಲೂ ಒಂದಷ್ಟು ಗಿಡ ಸಾಯಬಹುದು, ಅಷ್ಟಕ್ಕೇ ಬೀಜ ನಕಲಿ ಆಗುವುದಿಲ್ಲ. ಅರ್ಧ ಹೊಲವೇ ಹೋದರೆ ಮಾತು ಬೇರೆ. ಇನ್ನೊಂದು ವಿಷಯ, ಫ್ಯುಸೇರಿಯಂ ಉಡಮ್ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಅದರಲ್ಲೂ ಬೇರೆ ಬೇರೆ ಬಗೆಗಳಿವೆ, ಒಂದು ಊರಿನಲ್ಲಿ ಗೆದ್ದ ತಳಿ ಇನ್ನೊಂದು ಊರಿನಲ್ಲಿ ಸೋಲಬಹುದು. ತಳಿ ಬಿಡುಗಡೆ ಮಾಡುವ ಮೊದಲು ಹಲವು ಊರುಗಳಲ್ಲಿ ಬಿತ್ತಿ ನೋಡುವುದು ಇದಕ್ಕೇ. ತಳಿಯೊಂದರಿಂದಲೇ ಎಲ್ಲ ಆಗುವುದೂ ಇಲ್ಲ. ತೊಗರಿ ಜೊತೆ ಜೋಳ ಬೆಳೆದ ಹೊಲದಲ್ಲಿ ನೆಟೆ ಕಡಿಮೆ ಎಂಬುದು ಪ್ರಯೋಗಗಳಲ್ಲೂ ಕಂಡಿದೆ. ನಮ್ಮ ಅಜ್ಜಂದಿರು ಮಾಡುತ್ತಿದ್ದ ಅಕ್ಕಡಿ ಸಾಲಿಗೆ ಇಲ್ಲಿ ಪೂರ್ತಿ ಅಂಕ ಕೊಡಬಹುದು.

ಪಟಾಂಚೆರುವಿನ ರೋಗದ ಹೊಲದಲ್ಲಿ ತಲೆ ಎತ್ತಿ ನಿಂತ ಸಾಲುಗಳಲ್ಲಿ ಒಂದಕ್ಕೆ ಐಸಿಪಿ 8863 ಎಂಬ ನಂಬರು. ಮೂಲ ಮಹಾರಾಷ್ಟ್ರದ ನಾಟಿ ತೊಗರಿ. ಯಾವ ಲ್ಯಾಬಿನಲ್ಲೂ ಹುಟ್ಟಿದ್ದಲ್ಲ, ರೈತರು ತಲೆಮಾರುಗಳಿಂದ ಬಿತ್ತಿಕೊಂಡು ಬಂದ ಬೀಜದಿಂದ ಆರಿಸಿದ್ದು. 1986ರಲ್ಲಿ ಕರ್ನಾಟಕದಲ್ಲಿ ಅದು ಮಾರುತಿ ಎಂಬ ಹೆಸರಿನಲ್ಲಿ ಬಿಡುಗಡೆಯಾಯಿತು. ಉತ್ತರ ಕರ್ನಾಟಕದ ತೊಗರಿ ಬೆಳೆಗಾರರಲ್ಲಿ ಈ ಹೆಸರು ಕೇಳದವರು ಕಡಿಮೆ.

ಮಾರುತಿಗೂ ಒಂದು ಕೊರತೆ ಇದೆ. ನೆಟೆಗೆ ಬಗ್ಗದ ಈ ತಳಿ ಗೊಡ್ಡು ರೋಗಕ್ಕೆ ಸುಲಭವಾಗಿ ಬೀಳುತ್ತದೆ. ಅದು ನುಸಿಯಿಂದ ಹರಡುವ ವೈರಸ್ ರೋಗ, ಗಿಡ ಹಸಿರಾಗಿ ಪೊದೆಯಂತೆ ಬೆಳೆದರೂ ಹೂವು ಕಾಯಿ ಬಿಡುವುದಿಲ್ಲ. ಎರಡೂ ರೋಗ ತಡೆಯುವ ಆಶಾ ಎಂಬ ತಳಿ 1993ರಲ್ಲಿ ಬಂತು. ಹಾಗೆಂದು ಸಂಶೋಧಕರು ಮಾರುತಿಯನ್ನು ಬಿಟ್ಟುಬಿಡಲಿಲ್ಲ. ಗೊಡ್ಡು ರೋಗದ ಪರೀಕ್ಷೆ ನಡೆಯುವ ಹೊಲಗಳಲ್ಲಿ ಇವತ್ತಿಗೂ ಹೊಸ ತಳಿಗಳ ನಡುನಡುವೆ ಐಸಿಪಿ 8863ರ ಸಾಲು ಬಿತ್ತುತ್ತಾರೆ, ರೋಗಕ್ಕೆ ಬೀಳಲೇಬೇಕಾದ ಸಾಲಾಗಿ.